ರೆಕ್ಕೆಯ ಕೀಲು

ಅಮಾತೆಪ್ಪ ಮೂವತ್ತೈದು ವರ್ಷಗಳಲ್ಲಿ ಬರೆದ ಡ್ರ್ಯಾಗನ್‌ಗಳು ಎರಡು ಸಾವಿರಕ್ಕೆ ಕಡಿಮೆಯಿಲ್ಲ. ಅವುಗಳಲ್ಲಿ ಒಂದರದೂ ಹೆಗಲು ಕಾಣುವುದಿಲ್ಲ. ಹೆಗಲಿಗೆ ಅಡ್ಡವಾಗಿ ಒಂದು ಬಂಡೆ ಬಂದಿರುತ್ತದೆ, ಇಲ್ಲವೆ ಬೇವಿನ ಟೊಂಗೆ, ಇಲ್ಲವೆ ಆ ಪ್ರಾಣಿಯದೇ ಬಾಯಿಂದ ಹೊರಟ ಹೊಗೆ. ಕಣ್ಣಿನ ಪಾಪೆಯನ್ನು, ಒಂದೊಂದು ಹುರುಪೆಯ ಅಂಚನ್ನು, ಉಗುರಿನ ಬುಡಕ್ಕೆ ಮೆತ್ತಿದ ಕೆಸರನ್ನು ಕೂಡ ಬಿಡದೆ ಬರೆದವನು, ರೆಕ್ಕೆ ಮೈಯಿಂದ ಹೊರಡುವ ಆ ಒಂದು ಗೇಣು ಜಾಗವನ್ನು ಮಾತ್ರ ಏನಾದರೊಂದು ನೆಪ ತಂದು ಮುಚ್ಚುತ್ತಿದ್ದ. ಕೆಲವರು ಇದನ್ನು ಶೈಲಿಯೆಂದು ಹೊಗಳಿದ್ದುಂಟು. ಗೊತ್ತಿಲ್ಲದ್ದನ್ನು ಬರೆಯಲು ಒಪ್ಪದವನೊಬ್ಬ ಪ್ರತಿ ಹಾಳೆಯಲ್ಲೂ ತನ್ನ ಅಜ್ಞಾನಕ್ಕೆ ಪರದೆ ಕಟ್ಟುತ್ತಿದ್ದ ಎಂಬುದು ಅವರಿಗೆ ತಿಳಿದಿರಲಿಲ್ಲ.

ಅವನು ಸಗರದವನು, ಶಹಾಪುರ ತಾಲೂಕಿನ ಒಂದು ದನದ ದವಾಖಾನೆಯಲ್ಲಿ ಅಟೆಂಡರ್. ಇಲಾಖೆ ಕೊಟ್ಟ ಖಾಕಿ ಕೋಟನ್ನು ಏಪ್ರಿಲ್ ತಿಂಗಳ ಬಿಸಿಲಲ್ಲೂ ತೆಗೆಯುವುದಿಲ್ಲ. ಎಡಜೇಬಿನಲ್ಲಿ ಥರ್ಮಾಮೀಟರು, ಬಲಜೇಬಿನಲ್ಲಿ ಪೆನ್ಸಿಲ್ ತುಂಡು. ಒಮ್ಮೆ ಅವಸರದಲ್ಲಿ ಎಮ್ಮೆಯ ಜ್ವರ ನೋಡಲು ಪೆನ್ಸಿಲ್ ಹಿಡಿದು ಹೋದದ್ದನ್ನು ಊರು ಇನ್ನೂ ಮರೆತಿಲ್ಲ. ಬಿಗಿದು ಕಟ್ಟಿದ ದನಗಳ ಪಕ್ಕದಲ್ಲೇ ಆಯುಷ್ಯ ಕಳೆದವನಾದ್ದರಿಂದ ಮೈ ಓರೆ ಮಾಡಿ, ಒದೆ ಬಂದರೆ ತಪ್ಪಿಸಿಕೊಳ್ಳುವಷ್ಟು ಅಂತರವಿಟ್ಟು ನಡೆಯುತ್ತಾನೆ. ಮನುಷ್ಯರ ನಡುವೆಯೂ ಅದೇ ನಡಿಗೆ. ಯಾರೊಡನೆ ಮಾತಿಗೆ ನಿಂತರೂ ಕೈ ತಾನಾಗಿ ಅವರ ಹೆಗಲಿಗೆ ಹೋಗುತ್ತಿತ್ತು. ಅದನ್ನು ಸಲಿಗೆಯೆಂದು ತಿಳಿದು ಮುಗುಳ್ನಕ್ಕವರಿದ್ದಾರೆ. ಅವನ ಬೆರಳುಗಳು ಎಲುಬು ಹುಡುಕುತ್ತಿದ್ದವು.

ಮೊದಲ ಡ್ರ್ಯಾಗನ್ ಅವನಿಗೆ ಸಿಕ್ಕದ್ದು ಹನ್ನೊಂದನೆಯ ವಯಸ್ಸಿನಲ್ಲಿ, ಶಹಾಪುರದ ಸಂತೆಯ ಹಳೇ ಬಟ್ಟೆಯ ರಾಶಿಯಿಂದ ತಾಯಿ ಆರಿಸಿ ತಂದ ಅಂಗಿಯ ಬೆನ್ನಿನ ಮೇಲೆ. ನಾಲ್ಕು ಕಾಲು, ಸುತ್ತಿದ ಬಾಲ, ತೋಳಿನುದ್ದಕ್ಕೂ ಹರಡಿದ ರೆಕ್ಕೆ. ಆದರೆ ತೋಳನ್ನು ಮೈಗೆ ಕೂಡಿಸಿದ ಹೊಲಿಗೆ ಸರಿಯಾಗಿ ಹೆಗಲಿನ ಮೇಲೆಯೇ ಹಾದುಹೋಗಿ, ರೆಕ್ಕೆ ಹುಟ್ಟುವ ಜಾಗವನ್ನು ನುಂಗಿಬಿಟ್ಟಿತ್ತು. ಎಂಟು ದಿನ ತಾಳಿ, ಒಂಬತ್ತನೆಯ ದಿನ ಬ್ಲೇಡು ತಂದು ಹೊಲಿಗೆ ಬಿಚ್ಚಿದ. ಮಡಿಕೆಯೊಳಗೆ ಚಿತ್ರವಿರಲಿಲ್ಲ. ದರ್ಜಿಯ ಕತ್ತರಿ ಅದನ್ನು ಎಂದೋ ತೆಗೆದುಹಾಕಿತ್ತು.

"ಛಲೋ ಅಂಗಿ ಯಾಕ ಬಿಚ್ಚಿದ್ಯೋ, ಹಾಟ್ಯಾ?"

"ಒಳಗ ಏನದ ನೋಡಾಕ."

ಹೊಡೆತ ಬಿತ್ತು, ಪ್ರಶ್ನೆ ಉಳಿಯಿತು. ಕಲಿಸುವವರು ಯಾರೂ ಇರಲಿಲ್ಲ. ಮುಂದೆ ನೌಕರಿ ಸಿಕ್ಕಾಗ ಸತ್ತ ದನಗಳೇ ಅವನಿಗೆ ಗುರುಗಳಾದವು. ಡಾಕ್ಟರು ಕೊಯ್ದು ನೋಡಿ ಕೈ ತೊಳೆದು ಹೋದ ಮೇಲೆ ಅವನು ಇನ್ನೊಂದು ತಾಸು ಅಲ್ಲೇ ಕೂತು ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆಂದು ಬರೆದುಕೊಳ್ಳುತ್ತಿದ್ದ. ಎತ್ತಿನ ಮುಂಗಾಲು ಯಾವ ಎಲುಬಿನಿಂದಲೂ ಎದೆಗೂಡಿಗೆ ಕೂಡಿಲ್ಲ, ಬರೀ ಮಾಂಸದ ಪಟ್ಟಿಗಳಲ್ಲಿ ತೂಗುಬಿದ್ದಿದೆ ಎಂದು ತಿಳಿದ ದಿನ ಮನೆಗೆ ಬಂದು ಊಟ ಮಾಡಲಿಲ್ಲವಂತೆ, ಸಂತೋಷಕ್ಕೆ. ಅಲ್ಲಿಂದ ಮುಂದೆ ಅವನ ಡ್ರ್ಯಾಗನ್‌ಗಳು ನೆಲದ ಮೇಲೆ ಭಾರವಾಗಿ ನಿಂತವು. ರೈತರು ಗುರುತು ಹಿಡಿಯುತ್ತಿದ್ದರು.

"ಏ ಅಮಾತೆಪ್ಪ, ಈ ಹಿಂಗಾಲು ನಮ್ಮ ಸತ್ತ ಎಮ್ಮೀದಲ್ಲೇನೋ?"

"ಹೌದ್ರಿ, ನಿಮ್ಮದ."

"ಮತ್ತ ಹಾಲರ ಕೊಡ್ತದೇನಪ?"

ಆದರೆ ರೆಕ್ಕೆಗೆ ಎಮ್ಮೆಯಲ್ಲಿ ಉತ್ತರವಿರಲಿಲ್ಲ. ಕೋಳಿಯ ಮುಂಗಾಲೇ ರೆಕ್ಕೆ, ಬಾವಲಿಯ ಕೈಯೇ ರೆಕ್ಕೆ. ರೆಕ್ಕೆಯಿದ್ದದ್ದಕ್ಕೆ ಮುಂಗಾಲಿಲ್ಲ, ಮುಂಗಾಲಿದ್ದದ್ದಕ್ಕೆ ರೆಕ್ಕೆಯಿಲ್ಲ. ಎರಡೂ ಇರುವ ಪ್ರಾಣಿಯ ಎದೆಯೊಳಗೆ ಎರಡನೆಯ ಹೆಗಲು ಎಲ್ಲಿ ಕೂರಬೇಕು, ಯಾವ ಮಾಂಸ ಅದನ್ನು ಎಳೆಯಬೇಕು? ಶಹಾಪುರದ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿರುವ ಇನಾಯತ, ಒಂದು ಮಗ್ಗುಲು ಹಾಳಾದ ಕಾಗದಗಳನ್ನು ಅವನಿಗಾಗಿ ಎತ್ತಿಡುತ್ತಿದ್ದವನು, ಮೊಬೈಲಿನಲ್ಲಿ ದೇಶವಿದೇಶಗಳ ಡ್ರ್ಯಾಗನ್‌ಗಳನ್ನು ನೂರುಗಟ್ಟಲೆ ತೋರಿಸಿದ. ಅಮಾತೆಪ್ಪ ಪ್ರತಿಯೊಂದನ್ನೂ ಹಿಗ್ಗಿಸಿ ಹೆಗಲು ನೋಡುವನು, ಫೋನು ತಿರುಗಿ ಕೊಡುವನು. "ಅಂಟಿಸ್ಯಾರ. ಇದು ಹಾರಂಗಿಲ್ಲ."

ಇನಾಯತನೇ ಅವನ ಚಿತ್ರಗಳನ್ನು ಹೈದರಾಬಾದಿನ ಒಂದು ಮಕ್ಕಳ ಪುಸ್ತಕದ ಪ್ರಕಾಶನಕ್ಕೆ ಕಳಿಸಿದ್ದು. ಅವರು ಮೆಚ್ಚಿದರು. ಹನ್ನೊಂದು ಚಿತ್ರ ಆರಿಸಿಕೊಂಡು, ಪುಸ್ತಕದ ರಟ್ಟಿನ ಮೇಲಕ್ಕೆ ಹನ್ನೆರಡನೆಯದು ಹೊಸದಾಗಿ ಬೇಕು ಎಂದರು: ಬಯಲ ಆಕಾಶದಲ್ಲಿ ಹಾರುತ್ತಿರಬೇಕು, ಅಡ್ಡ ಏನೂ ಇರಬಾರದು. ಅದಿಲ್ಲದೆ ಪುಸ್ತಕವಿಲ್ಲ. ಅಮಾತೆಪ್ಪ ವರ್ಷದ ಗಡುವು ಕೇಳಿದ.

"ವರ್ಷ ಯಾಕಣ್ಣಾ?" ಇನಾಯತ ತಲೆ ಚಚ್ಚಿಕೊಂಡ. "ಹಾರೂ ಡ್ರ್ಯಾಗನ್ ಯಾರ್ ನೋಡ್ಯಾರ, ಬಂದು ತಪ್ಪು ಹಿಡ್ಯಾಕ?"

"ನಾ ನೋಡ್ತೀನಲ್ಲೋ."

ಹತ್ತು ತಿಂಗಳು ಕಳೆದವು. ಹಾಳೆ ತುಂಬ ಆಕಾಶ ಬರೆದು, ನಡುವೆ ಪ್ರಾಣಿಯ ಜಾಗ ಖಾಲಿ ಬಿಟ್ಟು ಎದ್ದುಹೋಗುತ್ತಿದ್ದ. ಜೋಳದ ರಾಶಿಯ ಹೊತ್ತಿಗೆ, ಸಗರದಲ್ಲೇ, ಅಮೃತಮ್ಮನೆಂಬವಳ ಆಕಳು ಐದು ಕಾಲಿನ ಕರು ಹಾಕಿತು. ಐದನೆಯದು ಬೆನ್ನಿನ ಮೇಲೆ, ಎಡಹೆಗಲಿನ ಹಿಂದೆ, ಗೊರಸು ಸಮೇತ. ಜನ ಊದಿನಕಡ್ಡಿ, ಕುಂಕುಮ ಹಿಡಿದು ಬಂದರು. ಅಮಾತೆಪ್ಪ ರಜೆ ಬರೆದುಕೊಟ್ಟು ಬಂದ. ಕರು ಎದ್ದು ತಡವರಿಸಿದಾಗ ಬೆನ್ನಿನ ಕಾಲು ಮೇಲೆ ಕೆಳಗೆ ಆಡಿತು. ಅವನು ಹಾಲಿನ ಬಾಟಲಿ ಕೆಳಗಿಟ್ಟು ಹತ್ತಿರ ಕೂತ. ನಾಲ್ಕು ಕಾಲಿನ ಮೇಲೊಂದು ಅಂಗ, ಜೀವಂತ, ಚಲಿಸುತ್ತಿದೆ. ಹಾಗಾದರೆ ಒಳಗೆ ಕೀಲಿದೆ.

ಮೂರು ದಿನ ಅವನು ಆ ಕೊಟ್ಟಿಗೆ ಬಿಡಲಿಲ್ಲ. ಕೈಗಳು ಅದು ಬದುಕಲೆಂದು ದುಡಿಯುತ್ತಿದ್ದವು; ಸತ್ತರೆ ಒಳಗು ಕಾಣುತ್ತದೆಂದು ಮನಸ್ಸು ಕಾಯುತ್ತಿತ್ತು. ಎರಡೂ ಅವನಿಗೆ ಗೊತ್ತಿದ್ದವು, ಹಾಗಾಗಿ ಆ ಮೂರು ದಿನ ಅವನು ಯಾರ ಮುಖವನ್ನೂ ನೋಡಲಿಲ್ಲ. ನಾಲ್ಕನೆಯ ಬೆಳಿಗ್ಗೆ ಕರು ಸತ್ತಿತು. ಡಾಕ್ಟರು ಪ್ರವೀಣಕುಮಾರ ಫೋನಿನಲ್ಲೇ ಹೇಳಿದರು: "ಹುಟ್ಟಿನಿಂದ ಬಂದ ದೋಷ ಅದು, ಕೊಯ್ಯೂದೇನು ಬ್ಯಾಡ ಅಮಾತೆಪ್ಪ. ಹೂಳಸ್ರಿ."

ಅಮೃತಮ್ಮ ಹೊಸ ಬಟ್ಟೆ ತಂದು ಹೊದಿಸುತ್ತಿದ್ದಳು. ಅಮಾತೆಪ್ಪ ಅವಳ ಮುಂದೆ ನಿಂತು, ನೌಕರಿಯ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಮೊದಲ ಸುಳ್ಳು ಹೇಳಿದ.

"ಯವ್ವಾ, ಕೊಯ್ದು ನೋಡ್ಬೇಕಂತ. ಡಾಕ್ಟರ ಹುಕುಂ ಅದ."

"ದೇವರು ಬಂದು ಹೋಗ್ಯಾನಪ್ಪ, ಚೂರಿ ಹಾಕಬ್ಯಾಡ."

"ಸರಕಾರದ್ದು ರೂಲ್ ಅದಬೇ."

"ಸರಕಾರ ಸತ್ತವ್ರನ್ನೂ ಬಿಡಂಗಿಲ್ಲೇನು?" ಎಂದು ಅವಳು ಬಟ್ಟೆ ಸರಿಸಿದಳು.

ಹಿತ್ತಲಿನ ತಿಪ್ಪೆಯ ಬದಿಗೆ ಒಯ್ದು, ಒಬ್ಬನೇ ಕೂತು, ಅವಸರವಿಲ್ಲದೆ ಚರ್ಮ ಬಿಡಿಸಿದ. ಚರ್ಮದ ಕೆಳಗೆ ಹಳದಿ ಕೊಬ್ಬು. ಕೊಬ್ಬಿನ ಕೆಳಗೆ ಬೆರಳಿನಷ್ಟು ದಪ್ಪದ ನಾರು. ಐದನೆಯ ಕಾಲಿನ ಎಲುಬು ಮೊಂಡಾಗಿ ಕೊಬ್ಬಿನಲ್ಲೇ ಮುಗಿದಿತ್ತು. ಅದು ಬೆನ್ನೆಲುಬನ್ನು ಮುಟ್ಟಿರಲಿಲ್ಲ, ಹೆಗಲನ್ನು ಮುಟ್ಟಿರಲಿಲ್ಲ. ಅದನ್ನು ಎಳೆಯಲು ಒಂದೆಳೆ ಮಾಂಸವೂ ಇರಲಿಲ್ಲ. ಮೂರು ದಿನ ಅವನು ಚಲನೆಯೆಂದು ನಂಬಿದ್ದು ಕರುವಿನ ನಡುಕಕ್ಕೆ ಆ ಅಂಗ ಜೋತಾಡಿದ್ದು, ಅಷ್ಟೇ. ಇನ್ನೂ ಆಳಕ್ಕೆ ಹೋದ, ಬೆನ್ನೆಲುಬಿನವರೆಗೂ ಹೋದ, ಇನ್ನೊಂದು ಮಗ್ಗುಲಿಂದಲೂ ನೋಡಿದ. ಆಮೇಲೆ ಸೂಜಿ ತೆಗೆದು, ಮನುಷ್ಯರಿಗೆ ಹೊಲಿಯುವಷ್ಟು ಸಣ್ಣ ಹೊಲಿಗೆ ಹಾಕಿ ಮುಚ್ಚಿದ.

"ಏನಿತ್ತಪ್ಪ ಒಳಗ?" ಅಮೃತಮ್ಮ ಕೇಳಿದಳು.

"ಏನೂ ಇರಲಿಲ್ಲಬೇ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ದೇವರಿದ್ದ ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತೋ?"

ಆ ಭಾನುವಾರ ಅವನು ರಟ್ಟಿನ ಚಿತ್ರ ಬರೆದ. ಅರ್ಧ ತಾಸಿನ ಕೆಲಸ. ಬಯಲ ಆಕಾಶ, ಪೂರ್ತಿ ಬಿಚ್ಚಿದ ರೆಕ್ಕೆ, ಅಡ್ಡ ಏನೂ ಇಲ್ಲ. ಹೆಗಲು ಎಲ್ಲರೂ ಬರೆಯುವ ಹಾಗೆ, ಅಂಟಿಸಿದ್ದು. ಇನಾಯತ ಕುಣಿದಾಡಿದ. ಹೈದರಾಬಾದಿನವರು ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದರು. ಪುಸ್ತಕ ಬಂತು, ಎರಡನೆಯದಕ್ಕೂ ಕೇಳಿದ್ದಾರೆ. ಈಗ ಅವನು ದಿನಕ್ಕೆ ಎರಡು ಡ್ರ್ಯಾಗನ್ ಬರೆಯುತ್ತಾನೆ, ಎಲ್ಲವೂ ಹಾರುತ್ತವೆ. ಅವನ ಕೈ ಈಗ ಯಾರ ಹೆಗಲಿಗೂ ಹೋಗುವುದಿಲ್ಲ. ಹೆಂಡತಿ ದೇವಕಮ್ಮ ಪುಸ್ತಕವನ್ನು ದೇವರ ಜಗಲಿಯ ಮೇಲಿಟ್ಟು, ರಟ್ಟನ್ನು ಸೆರಗಿನಿಂದ ಒರೆಸುತ್ತ ಅಂದಳು:

"ಈಗ ಛಂದ ಬರಾಕತ್ಯಾವ ನೋಡ್ರಿ. ಮೊದಲ ಏನೋ ಮುಚ್ಚಿಟ್ಟಂಗ ಇರ್ತಿದ್ವು."

"ಹೌದು," ಎಂದ ಅಮಾತೆಪ್ಪ. "ಈಗ ಮುಚ್ಚಿಡೂವಂಥಾದ್ದು ಏನೂ ಇಲ್ಲ."

ಇಲ್ಲದ ಪ್ರಾಣಿಯನ್ನು ಕಲ್ಪಿಸುವುದು ಸುಲಭವೆಂದು ಜನ ತಿಳಿದಿರುತ್ತಾರೆ, ಅದಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲವೆಂದು. ಯಾರೂ ಕೇಳದ ಆ ಸಾಕ್ಷಿಯನ್ನು ತಮ್ಮನ್ನು ತಾವೇ ಕೇಳಿಕೊಂಡು ಬದುಕು ಸವೆಸುವವರು ಎಲ್ಲ ಸೀಮೆಯಲ್ಲೂ ಒಬ್ಬಿಬ್ಬರಿರುತ್ತಾರೆ. ಹೆಚ್ಚಿನವರು ಸಣ್ಣ ನೌಕರಿಗಳಲ್ಲಿ, ಸಾಮಾನ್ಯ ಬಟ್ಟೆಗಳಲ್ಲಿ ಇರುತ್ತಾರೆ. ಅವರು ಹಟ ಹಿಡಿದು ನಿಂತಿರುವಷ್ಟು ಕಾಲ ಲೋಕ ಅವರನ್ನು ಅರೆಮರುಳರೆನ್ನುತ್ತದೆ. ಕೈಬಿಟ್ಟ ದಿನ ಕಲಾವಿದರೆನ್ನುತ್ತದೆ. ಅವರ ನಿಷ್ಠೆ ಹೇಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲವೋ ಹಾಗೆಯೇ ಅದರ ಸಾವೂ ಬೀಳುವುದಿಲ್ಲ. ಬೇರೆ ಮನೆಗಳಲ್ಲಿ ಸಾವಾದರೆ ನಾಲ್ಕು ಜನ ಮಾತಾಡಿಸಲು ಬರುತ್ತಾರೆ. ಇವರ ಮನೆಗೆ ಸನ್ಮಾನದ ಶಾಲು ಹಿಡಿದು ಬರುತ್ತಾರೆ.