ಎರಡು ಮನೆಗೊಂದು ಕ್ಯಾಮೆರಾ

ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲಿ ಇದುವರೆಗೆ ಯಾವ ಮಹಾಯುದ್ಧವೂ ನಡೆದಿಲ್ಲ. ಆದ್ದರಿಂದ ನವೆಂಬರ್ ಮೂವತ್ತರ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಪಂಕಜಮ್ಮ ಫೋನನ್ನು ಮಗುಚಿ ನೋಡಿ, ಕ್ಯಾಮೆರಾ ಇರಬೇಕಾದ ಜಾಗದಲ್ಲಿ ಚೌಕದ ತೂತೊಂದನ್ನು ಕಂಡ ಪ್ರಸಂಗವನ್ನೇ ಆ ರಸ್ತೆಯ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕಾಗುತ್ತದೆ.

"ರೀ, ಕ್ಯಾಮೆರಾ ಎಲ್ಲಿ?"

"ಮೇಲಿದೆ." ನಾರಾಯಣರಾಯರು ಕಿಟಕಿಯ ಕಡೆಗೆ ತಿರುಗಿ ಕೂತಿದ್ದರು, ಉತ್ತರವನ್ನೂ ಕಿಟಕಿಗೇ ಕೊಟ್ಟರು. "ಗುರುವಾರ ಹೋಯ್ತು. ಅನಘಾ ತಂಗಿಗೆ ಕುಬಸ, ಬ್ಯಾಡರಹಳ್ಳೀಲಿ. ಸೀಮಂತಕ್ಕೆ ಅವರ ಕಡೆ ಹಾಗಂತಾರಂತೆ. ಡಬ್ಬಿಗೆ ಹಾಕಿ ಕೊಟ್ಟೋಳು ನೀನೇ."

ಅದು ನಿಜ. ಪಂಕಜಮ್ಮ ಸೋಫಾದ ಅಂಚಿನಲ್ಲಿ ಕೂತರು. ಈಚೆಗೆ ಅವರಿಗೆ ಸಿಟ್ಟು ಬರುವ ಮೊದಲೇ ಸುಸ್ತು ಬರುತ್ತಿತ್ತು.

ಫೋನಿನ ವಿಷಯವನ್ನು ಸ್ವಲ್ಪ ಹೇಳಬೇಕು. ಮಹಡಿಯ ಬಾಡಿಗೆ ಮನೆಯ ಕಲ್ಮೇಶ ಕೆಲಸಕ್ಕಿದ್ದ ಕಂಪನಿ ಬಿಡಿ ಭಾಗಗಳ ಫೋನು ಮಾಡುತ್ತಿತ್ತು. ಬ್ಯಾಟರಿ ಒಂದು ತುಂಡು, ಸ್ಪೀಕರ್ ಒಂದು ತುಂಡು, ಕ್ಯಾಮೆರಾ ಇನ್ನೊಂದು ತುಂಡು. ಯಾವುದು ಕೆಟ್ಟರೂ ಅದನ್ನಷ್ಟೇ ಕಿತ್ತು ಹೊಸದನ್ನು ಚಕ್ಕೆಂದು ಕೂರಿಸಬಹುದು, ಜನ್ಮಕ್ಕೊಂದೇ ಫೋನು ಸಾಕು ಎಂಬುದು ಕಂಪನಿಯ ಭರವಸೆ. ಕಲ್ಮೇಶ ನೌಕರರ ದರದಲ್ಲಿ ಎರಡು ತಂದು, ಒಂದನ್ನು ತಾನು ಇಟ್ಟುಕೊಂಡು, ಇನ್ನೊಂದನ್ನು ಮನೆ ಮಾಲೀಕರಿಗೆ ಕೊಟ್ಟ. ಫೋನಿಗೆ ಜನ್ಮವಿಡೀ ಆಯುಷ್ಯವಿತ್ತೋ ಏನೋ, ಕಂಪನಿಗಿರಲಿಲ್ಲ. ಯುಗಾದಿಗೆ ಮುಚ್ಚಿತು. ಹೊಸ ತುಂಡುಗಳು ಬರುವುದು ನಿಂತಿತು.

ಅಲ್ಲಿಂದ ಮುಂದೆ ಎರಡು ಮನೆಗಳ ಎರಡು ಫೋನುಗಳು ನಿಧಾನವಾಗಿ ಒಂದೂವರೆ ಫೋನಾದವು. ಮೇಲಿನವರ ಕ್ಯಾಮೆರಾ ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿತ್ತು. ಕೆಳಗಿನವರ ಸ್ಪೀಕರ್ ಗೊರಗೊರ ಎಂದು ಶುರುಮಾಡಿ ಒಂದು ದಿನ ಸುಮ್ಮನಾಯಿತು. ಹಾಗಾಗಿ ಕಾಫಿಪುಡಿ, ಹೆಪ್ಪಿನ ಮಜ್ಜಿಗೆಗಳ ಜೊತೆಗೆ ಮೆಟ್ಟಿಲು ಹತ್ತಿ ಇಳಿಯುವ ವಸ್ತುಗಳ ಪಟ್ಟಿಗೆ ಇವೂ ಸೇರಿದವು. ಸಂಜೆ ಆರಕ್ಕೆ ಕಲ್ಮೇಶನ ಹೆಂಡತಿ ಅನಘಾ ರೋಣದಲ್ಲಿರುವ ತಾಯಿಯ ಜೊತೆ ಮಾತಾಡುವಾಗ ಸ್ಪೀಕರ್ ಮೇಲೆ ಇರುತ್ತಿತ್ತು. ಆ ಹೊತ್ತಿನಲ್ಲಿ ರಾಯರಿಗೆ ಯಾರು ಫೋನು ಮಾಡಿದರೂ ಪ್ರಯೋಜನವಿರಲಿಲ್ಲ. ಹೆಬ್ಬೆರಳಿನಷ್ಟೇ ಇರುವ ಕ್ಯಾಮೆರಾ ಒಮ್ಮೆ ಅಕ್ಕಿ ಡ್ರಮ್ಮಿನಲ್ಲಿ ಸೇರಿಕೊಂಡ ಮೇಲೆ ಪಂಕಜಮ್ಮ ಅದಕ್ಕೊಂದು ಮುಚ್ಚಳದ ಸ್ಟೀಲ್ ಡಬ್ಬಿ ಗೊತ್ತುಮಾಡಿದ್ದರು.

ಇಷ್ಟೆಲ್ಲ ನಡೆದೂ ಯಾರಿಗೂ ಬೇಸರವಾಗಿರಲಿಲ್ಲ. ಇವತ್ತು ಮಾತ್ರ ಹಾಗಲ್ಲ. ರಾಯರು ಬದುಕಿದ್ದಾರೆಂದು ಬ್ಯಾಂಕಿಗೆ ತಿಳಿಸಲು ಇದು ಕೊನೆಯ ದಿನ. ತಿಳಿಸದಿದ್ದರೆ ಮುಂದಿನ ತಿಂಗಳಿಂದ ಪಿಂಚಣಿ ನಿಲ್ಲುತ್ತದೆ. ಬ್ಯಾಂಕಿಗೆ ಭಾನುವಾರ ರಜೆ. ಉಳಿದದ್ದು ಫೋನಿನ ಮುಂದೆ ಮುಖ ಹಿಡಿದು ಆ್ಯಪಿನಲ್ಲಿ ದಾಖಲಿಸುವ ದಾರಿ.

"ಒಂದನೇ ತಾರೀಕಿಂದ ಬಡ್ಕೋತಿದೀನಿ," ಎಂದರು ಪಂಕಜಮ್ಮ.

"ಮುಖ ಸರಿ ಹೋಗ್ಲಿ ಅಂತ ಕಾದೆ."

"ನಿಮ್ಮ ಮುಖ ಕಾಯತ್ತೆ. ನವೆಂಬರ್ ಕಾಯಲ್ಲ."

ತಿಂಗಳ ಎಂಟನೇ ತಾರೀಕು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ರಾಯರ ಎಡಗಡೆಯಿಂದ ನೀರು ತಾನಾಗಿ ಸೋರಿತ್ತು. ಕನ್ನಡಿ ನೋಡಿದರೆ ಮುಖದ ಅರ್ಧ ಅವರದು, ಅರ್ಧ ಯಾರದೋ. ಲಕ್ವ ಅಲ್ಲ, ಮುಖದ ನರ ಊದಿಕೊಂಡಿದೆ, ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ ಎಂದು ಮೂಲೆಯ ಕ್ಲಿನಿಕ್ಕಿನ ಡಾಕ್ಟರು ಮಾತ್ರೆ ಬರೆದರು. ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ಅದಕ್ಕೆ ಹನಿ. ಅಂದಿನಿಂದ ರಾಯರು ಗೇಟು ದಾಟಲಿಲ್ಲ. ಕಾಫಿಯನ್ನು ಟವಲ್ಲು ಅಡ್ಡ ಹಿಡಿದು ಕುಡಿದರು. ಬಂದವರಿಗೆ ಒಳಗಿಂದಲೇ "ನೆಗಡಿ" ಎಂದು ಹೇಳಿಸಿದರು. ಮಹಡಿಯವರಿಗೆ ಏನೋ ಆಗಿದೆಯೆಂದು ಗೊತ್ತಿತ್ತು, ಏನೆಂದು ಗೊತ್ತಿರಲಿಲ್ಲ.

ಬ್ಯಾಂಕಿಗೆ ಹೋಗದಿದ್ದಕ್ಕೂ ಕಾರಣ ಅದೇ. ಆ ಬ್ಯಾಂಕಿನಲ್ಲೇ ಅವರು ಮೂವತ್ತೊಂದು ವರ್ಷ ಇದ್ದರು, ಅದರಲ್ಲಿ ಹನ್ನೆರಡು ವರ್ಷ ಪಿಂಚಣಿ ಕೌಂಟರು. ಪ್ರತಿ ನವೆಂಬರಿನಲ್ಲಿ ಸಾಲುಗಟ್ಟಿ ಬರುವ ಮುದುಕ ಮುದುಕಿಯರ ಮುಖ ನೋಡಿ, "ಬದುಕಿದೀರಾ? ಸಂತೋಷ" ಎಂದು ರುಜು ಹಾಕುತ್ತಿದ್ದವರು ಅವರೇ.

ಬೇರೆ ಫೋನು ಇರಲಿಲ್ಲವೇ ಎಂದು ಕೇಳಬಹುದು. ಪಂಕಜಮ್ಮನದು ಗುಂಡಿಯ ಫೋನು. ಕಲ್ಮೇಶನಿಗೆ ಹೊಸ ಆಫೀಸಿನವರು ಕೊಟ್ಟದ್ದರಲ್ಲಿ ಆಫೀಸಿನ ಕೆಲಸ ಬಿಟ್ಟು ಬೇರೇನೂ ಹಾಕಲು ಬರುತ್ತಿರಲಿಲ್ಲ. ಸೈಬರ್ ಅಂಗಡಿಯವನನ್ನು ಕರೆಯೋಣವೆಂದರೆ ರಾಯರು, "ನಮ್ಮ ಮನೆ, ನಮ್ಮ ಫೋನು, ನೀನು, ನಾನು. ಹೊರಗಿನೋರು ಯಾರೂ ಬೇಡ" ಎಂದು ಆಣೆಯಿಡುವಂತೆ ಹೇಳಿದ್ದರು.

ಪಂಕಜಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು. "ಅನಘಾ, ಕ್ಯಾಮೆರಾ ಬೇಕಾಗಿತ್ತಮ್ಮ!"

"ತಂದೆನ್ರಿ ಆಂಟಿ!" ಎಂಬ ದನಿ ಕೂಡಲೇ ಬಂತು. ಅನಘಾ ಬರಲು ಹದಿನೈದು ನಿಮಿಷ ಹಿಡಿಯಿತು. ಡಬ್ಬಿ ತಂದು ಪಂಕಜಮ್ಮನ ಕೈಗಿತ್ತು, "ಕುಬಸದ್ದು ಶೇಂಗಾ ಉಂಡಿ ಐತ್ರಿ, ಅಂಕಲ್‌ಗೂ ಕೊಡ್ರಿ," ಎಂದು ಬಾಗಿಲಲ್ಲೇ ನಿಂತಳು.

ಪಂಕಜಮ್ಮ ಮುಚ್ಚಳ ತೆಗೆದರು. ಮೇಲೆ ಮೂರು ಉಂಡೆ. ಉಂಡೆಗಳ ಕೆಳಗೆ, ಬೆಲ್ಲ ತುಪ್ಪಗಳ ನಡುವೆ, ಕ್ಯಾಮೆರಾ.

"ಇದರೊಳಗೇ ಹಾಕಿದೀಯಲ್ಲೇ!"

"ಬರೇ ಡಬ್ಬಿ ಹ್ಯಾಂಗ ಕೊಡೂದ್ರಿ ಆಂಟಿ?" ಎಂದಳು ಅನಘಾ, ತಾನು ಮಾಡಿದ್ದರಲ್ಲಿ ತಪ್ಪೇನೆಂದು ನಿಜವಾಗಿ ತಿಳಿಯದೆ.

ಬರಿಡಬ್ಬಿ ಹಿಂದಿರುಗಿಸಬಾರದು ಎಂಬುದನ್ನು ಏಳು ತಿಂಗಳಿಂದ ಪಂಕಜಮ್ಮನೂ ಪಾಲಿಸಿದ್ದರು. ಕ್ಯಾಮೆರಾ ಸಕ್ಕರೆಯ ಜೊತೆ ಹೋಗಿತ್ತು, ಕಡಲೆಪಪ್ಪಿನ ಜೊತೆ ಬಂದಿತ್ತು, ಗಣೇಶನ ಹಬ್ಬದಲ್ಲಿ ಕೊಬ್ಬರಿಯ ಜೊತೆ ಹೋಗಿತ್ತು. ತುಪ್ಪದ ಸರದಿ ಇಂದು ಬಂದಿತು, ಅಷ್ಟೆ.

ಸೆರಗಿನಲ್ಲಿ ಒರೆಸಿ ತೂತಿಗೆ ಒತ್ತಿದರೆ ಅದು ಕೂರಲಿಲ್ಲ. ಎರಡು ಸಲ ಜಾರಿ ಮಡಿಲಿಗೆ ಬಿತ್ತು. ಅದನ್ನು ಹಿಡಿದಿಡುವ ಕೊಂಡಿ ಸಡಿಲವಾಗಿ ತಿಂಗಳುಗಳಾಗಿದ್ದವು. ಯಾವ ಮೂಲೆಯನ್ನು ಮೊದಲು ಒತ್ತಬೇಕೆಂದು ಕಲ್ಮೇಶನ ಹೆಬ್ಬೆರಳಿಗೆ ಮಾತ್ರ ಗೊತ್ತಿತ್ತು.

"ಕಲ್ಮೇಶನ್ನ ಕರೀತೀನಿ," ಎಂದರು ಪಂಕಜಮ್ಮ.

"ಬೇಡ," ಎಂದಿತು ಕಿಟಕಿ ಕಡೆಯ ದನಿ.

"ಹಾಗಾದ್ರೆ ಬ್ಯಾಂಕಿಗೆ ಏನಂತ ಬರೀಲಿ? ಇವರು ಬದುಕಿದಾರೆ, ಆದ್ರೆ ಕಿಟಕಿ ನೋಡ್ತಿದಾರೆ ಅಂತಲೇ?"

ಪಂಕಜಮ್ಮ ಮತ್ತೆ ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದರು. ಕಲ್ಮೇಶ ಬನಿಯನ್ನಿನ ಮೇಲೆ ಅಂಗಿ ಸಿಕ್ಕಿಸಿಕೊಳ್ಳುತ್ತ ಇಳಿದು ಬಂದ. ಕ್ಯಾಮೆರಾವನ್ನು ಬೆಳಕಿಗೆ ಹಿಡಿದು, ಮೂಸಿ, ಹೆಂಡತಿಯನ್ನು ನೋಡಿದ. "ನಮ್ಮ ಕಂಪನ್ಯಾಗ ನೀರಾಗ ಮುಳುಗಿಸಿ ಟೆಸ್ಟ್ ಮಾಡಿದ್ವಿರಿ, ಮೂರನೇ ಫ್ಲೋರಿಂದ ಒಗದು ಟೆಸ್ಟ್ ಮಾಡಿದ್ವಿರಿ. ಉಂಡಿ ಒಂದ ಬಿಟ್ಟಿದ್ವಿ."

ಯಾರೂ ನಗಲಿಲ್ಲ. ಅವನೂ ನಗಲಿಲ್ಲ. ಕಂಪನಿಯ ವಿಷಯ ಬಂದಾಗಲೆಲ್ಲ ಅವನ ಮುಖದಲ್ಲಿ, ಸಂಬಂಧಿಕರ ಮದುವೆ ಮುರಿದದ್ದನ್ನು ಹೇಳುವವನ ದಣಿವೊಂದು ಬರುತ್ತಿತ್ತು. ಅವನು ಅಂಗಿಯ ತುದಿಯಿಂದ ಗಾಜನ್ನು ಉಜ್ಜಿ, ಎಡಗಡೆಯ ಮೂಲೆ ಮೊದಲು, ಬಲಗಡೆಯದು ಆಮೇಲೆ ಒತ್ತಿ, ಚಕ್ಕೆನ್ನಿಸಿದ.

ಈ ಫೋನಿನಲ್ಲಿ ಮುಂದೊಂದು ಹಿಂದೊಂದು ಎಂದು ಎರಡು ಕ್ಯಾಮೆರಾ ಇರಲಿಲ್ಲ. ಇದ್ದ ಒಂದು ಬೆನ್ನ ಮೇಲಿತ್ತು. ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತಿಲ್ಲ, ಎದುರಿಗೆ ಇನ್ನೊಬ್ಬರು ಹಿಡಿಯಬೇಕು. ಪಂಕಜಮ್ಮ ಕುರ್ಚಿ ಎಳೆದು ಗಂಡನ ಮುಂದೆ ಕೂತು ಫೋನೆತ್ತಿದರು. ಕಲ್ಮೇಶ, ಅನಘಾ ಬಾಗಿಲ ಹತ್ತಿರವೇ ನಿಂತರು. ಹೋಗಿ ಎನ್ನಲು ಆಗುವುದಿಲ್ಲ, ಕೊಂಡಿ ಯಾವಾಗ ಜಾರುತ್ತದೋ ಹೇಳಲಾಗದು.

ಪರದೆಯ ಮೇಲೆ ಒಂದು ಕೆಂಪು ವೃತ್ತ ಬಂತು. ಅದರ ಕೆಳಗೆ ಅಕ್ಷರ.

"ಮುಖ ನೇರವಾಗಿರಲಿ ಅಂತಿದೆ," ಎಂದು ಓದಿದರು ಪಂಕಜಮ್ಮ.

"ನೇರವಾಗೇ ಇದೀನಲ್ಲ."

"ಇಲ್ಲ, ಆ ಕಡೆ ತಿರುಗಿದೀರಿ."

"ತಿರುಗಿಲ್ಲ ಕಣೇ. ನಿನ್ನ ಕೈ ವಾರೆ ಇದೆ."

ವೃತ್ತ ಕೆಂಪಾಗಿಯೇ ಉಳಿದು, ಪ್ರಯತ್ನ ವಿಫಲ, ಮತ್ತೆ ಪ್ರಯತ್ನಿಸಿ ಎಂದಿತು. ಮತ್ತೆ ಪ್ರಯತ್ನಿಸಿದರು. ಬೆಳಕು ಸಾಲದೇನೋ ಎಂದು ಕಲ್ಮೇಶ ಟ್ಯೂಬ್‌ಲೈಟ್ ಹಾಕಿದ. ಹಿಂದಿನ ಕ್ಯಾಲೆಂಡರಿನ ದೇವರ ಮುಖ ಅಡ್ಡ ಬರುತ್ತದೇನೋ ಎಂದು ಅನಘಾ ಕ್ಯಾಲೆಂಡರು ತೆಗೆದಿಟ್ಟಳು. ನಾಲ್ಕನೇ ಸಲವೂ ಅದೇ. ರಾಯರ ಕತ್ತು ಅವರಿಗೇ ಗೊತ್ತಿಲ್ಲದೆ ಪ್ರತಿ ಸಲವೂ ಮೆಲ್ಲಗೆ ಎಡಕ್ಕೆ ಹೊರಳಿ, ಒಳ್ಳೆಯ ಅರ್ಧವನ್ನಷ್ಟೇ ಮುಂದಿಡುತ್ತಿತ್ತು. ಮೂರು ವಾರದ ಅಭ್ಯಾಸ.

ಐದನೆಯ ಸಲಕ್ಕೆ ಪಂಕಜಮ್ಮ ಫೋನನ್ನು ಮಡಿಲಿಗೆ ಇಳಿಸಿದರು. ತೋಳು ನೋಯುತ್ತಿತ್ತು.

"ಮೂರು ವಾರದಿಂದ ನಿಮ್ಮ ಕಿವಿ ಜೊತೆ ಸಂಸಾರ ಮಾಡ್ತಿದೀನಿ," ಎಂದರು. "ಊಟಕ್ಕೆ ಬಡಿಸಿದ್ರೆ ಕಿವಿ. ಮಾತ್ರೆ ಕೊಟ್ರೆ ಕಿವಿ. ನಾನು ಕೇಳ್ಲಿಲ್ಲ. ಈ ಫೋನಿಗೆ ಮಾತ್ರ ಹೇಗ್ರೀ ಹೇಳ್ಲಿ, ಅದು ಮಿಷನ್ನು."

ರಾಯರು ಮಡಿಲಲ್ಲಿದ್ದ ಟವಲ್ಲಿನ ಮಡಿಕೆ ಸರಿಮಾಡತೊಡಗಿದರು.

"ವೆಂಕಟರಮಣಪ್ಪನವರು ನೆನಪಿದಾರಾ?" ಎಂದು ಕೇಳಿದರು ಪಂಕಜಮ್ಮ.

ರಾಯರ ಕೈ ಟವಲ್ಲಿನ ಮೇಲೆ ನಿಂತಿತು. ವೆಂಕಟರಮಣಪ್ಪ ಕೌಂಟರಿನ ಸಾಲಿಗೆ ಒಂದು ವರ್ಷ ಬಾಯಿಗೆ ಟವಲ್ಲು ಸುತ್ತಿಕೊಂಡು ಬಂದಿದ್ದ ಪಿಂಚಣಿದಾರ. ಮುಖ ನೋಡದೆ ರುಜು ಹಾಕುವಂತಿಲ್ಲ ಎಂದು ರಾಯರು ಟವಲ್ಲು ತೆಗೆಸಿದ್ದರು. ಕೆಳಗಿನ ದವಡೆಯ ಅರ್ಧ ಇರಲಿಲ್ಲ. ಕ್ಯಾನ್ಸರ್ ಎಂದು ಕತ್ತರಿಸಿದ್ದರು. ರಾಯರು ರುಜು ಹಾಕಿದರು. ಆ ದಿನ ಮನೆಗೆ ಬಂದು, ತೆಗೆಸಬಾರದಿತ್ತು, ತೆಗೆಸಬಾರದಿತ್ತು ಎನ್ನುತ್ತ ಊಟ ಬಿಟ್ಟಿದ್ದರು.

"ಮಾರನೇ ವರ್ಷ ಅವರು ಬಂದ್ರಾ?" ಎಂದರು ಪಂಕಜಮ್ಮ.

"ಬಂದ್ರು."

"ಟವಲ್ ಇತ್ತಾ?"

ರಸ್ತೆಯಲ್ಲಿ ತರಕಾರಿ ಗಾಡಿಯ ಧ್ವನಿವರ್ಧಕ ಸೊಪ್ಪಿನ ಹೆಸರುಗಳನ್ನು ಹೇಳುತ್ತ ಹೋಯಿತು.

"ಇರ್ಲಿಲ್ಲ. ಎಲ್ಲರಿಗಿಂತ ಮೊದಲು ಬಂದು ನಿಂತಿದ್ರು," ಎಂದರು ರಾಯರು. "ಬಾಳೆಹಣ್ಣು ತಂದಿದ್ರು."

ಆಮೇಲೆ ಕುರ್ಚಿಯನ್ನು ಸ್ವಲ್ಪ ಹೊರಳಿಸಿ, ಟವಲ್ಲನ್ನು ತೋಳಿನ ಮೇಲೆ ಹಾಕಿಕೊಂಡು, ಮುಖವನ್ನು ಮುಂದಕ್ಕೆ ತಂದರು. ಪೂರ್ತಿ ಮುಖ. ಎಡಗೆನ್ನೆ ಒದ್ದೆ ಬಟ್ಟೆಯಂತೆ ಇಳಿದಿತ್ತು, ಬಾಯಿಯ ತುದಿ ಜಾರಿತ್ತು, ಎಡಗಣ್ಣು ಅಗತ್ಯಕ್ಕಿಂತ ಹೆಚ್ಚು ತೆರೆದು ನೀರಾಡುತ್ತಿತ್ತು. ಪಂಕಜಮ್ಮ ಅದನ್ನು ಮೊದಲು ಪರದೆಯಲ್ಲಿ ನೋಡಿದರು. ಆಮೇಲೆ ಫೋನಿನ ಅಂಚಿನಾಚೆಗೆ, ನೇರವಾಗಿ ನೋಡಿದರು.

ಬಾಗಿಲಲ್ಲಿದ್ದ ಅನಘಾ ಉಸಿರು ಬಿಟ್ಟಳು. "ಅಯ್ಯ, ಇಷ್ಟ ಏನ್ರಿ ಅಂಕಲ್? ನಾವು ಏನೇನೋ ತಿಳ್ಕೊಂಡಿದ್ವಿ! ನಮ್ಮ ಕಾಕಾಗ ಇದಕಿಂತ ಭಾಳ ಆಗಿತ್ರಿ. ಬಾಯಿ ಕಿವೀತನಾ ಹೋಗಿತ್ತು. ಈಗ ಆರಾಮ ಅದಾರ, ಭಜನಿ ಹಾಡ್ತಾರ."

ಮೂರು ವಾರ ಬಚ್ಚಿಟ್ಟು ಕಾಪಾಡಿದ ಸಂಗತಿಯನ್ನು ಒಂದು ಮಾತಿನಲ್ಲಿ ಹೀಗೆ ಸಣ್ಣದು ಮಾಡಿದ್ದು ರಾಯರಿಗೆ ಅಷ್ಟೇನೂ ಹಿಡಿಸಲಿಲ್ಲ. "ನಂದೂ ಕಮ್ಮಿ ಇಲ್ಲಮ್ಮ," ಎಂದರು.

"ಮಾತಾಡ್ಬೇಡಿ," ಎಂದರು ಪಂಕಜಮ್ಮ. "ವೃತ್ತ ಹಸಿರಾಯ್ತು. ಕಣ್ಣು ಮಿಟುಕಿಸಿ ಅಂತಿದೆ."

ರಾಯರು ಮಿಟುಕಿಸಿದರು. ಬಲಗಣ್ಣು ಮುಚ್ಚಿತು. ಎಡರೆಪ್ಪೆ ಅರ್ಧಕ್ಕೇ ನಿಂತು, ಗುಡ್ಡೆ ಮೇಲಕ್ಕೆ ಹೋಗಿ, ಬಿಳಿ ಮಾತ್ರ ಉಳಿಯಿತು. ನಾಲ್ಕೂ ಜನ ಕಾದರು. ಕಲ್ಮೇಶ ಕೊಂಡಿಯ ಮೇಲೆ ಕೈ ಚಾಚಿಕೊಂಡು, ಬಿದ್ದರೆ ಹಿಡಿಯುವಂತೆ ಬಗ್ಗಿ ನಿಂತಿದ್ದ.

ಫೋನು ಯೋಚಿಸಿತು. ಚುಕ್ಕೆಗಳು ಸುತ್ತಿದವು. ಆಮೇಲೆ ಒಂದು ಸರಿ ಗುರುತು ಬಂತು, ಸದ್ದಿಲ್ಲದೆ. ಸ್ಪೀಕರ್ ಮಹಡಿಯಲ್ಲಿತ್ತು.

"ಆಯ್ತಾ?" ಎಂದರು ರಾಯರು.

"ಆಯ್ತು."

ಪಂಕಜಮ್ಮ ಎದ್ದು ಕಾಫಿಗಿಟ್ಟರು. ನಾಲ್ಕು ಲೋಟ. ರಾಯರು ಕಿಟಕಿಯ ಕಡೆಗೆ ಕುರ್ಚಿ ತಿರುಗಿಸಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ಹಾಗೆಯೇ ಕೂತರು. ಕಾಫಿ ಎಡಗಡೆಯಿಂದ ಸ್ವಲ್ಪ ಸೋರಿತು. ಟವಲ್ಲು ತೋಳಿನ ಮೇಲಿತ್ತು, ಅವರು ಒರೆಸಿಕೊಂಡರು. ಉಂಡೆಯನ್ನು ಬಲಗಡೆಯ ಹಲ್ಲಿನಲ್ಲೇ ಕಡಿದು, ಬೆಲ್ಲ ಹದವಾಗಿದೆ ಎಂದರು.

ಅನಘಾ ಏಳುವಾಗ, "ಸಂಜಿಕ ಅವ್ವಗ ಕುಬಸದ ಸೀರಿ ತೋರಿಸಬೇಕ್ರಿ," ಎಂದಳು. ಪಂಕಜಮ್ಮ ಕ್ಯಾಮೆರಾ ಬಿಚ್ಚಿ ಕಾಗದದಲ್ಲಿ ಎರಡು ಸುತ್ತು ಸುತ್ತಿದರು. ಡಬ್ಬಿ ತೊಳೆದು, ಒರೆಸಿ, ಕ್ಯಾಮೆರಾ ಇಟ್ಟು, ಬರಿಡಬ್ಬಿಯಾಗದಿರಲೆಂದು ಮೇಲೆ ನಾಲ್ಕು ಕಲ್ಲುಸಕ್ಕರೆ ಹರಳು ಹಾಕಿದರು.

ನಾರಾಯಣರಾಯರು ಬದುಕಿದ್ದಾರೆಂದು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ದಾಖಲಾಯಿತು. ಮುಂದಿನ ನವೆಂಬರಿನ ತನಕ ಅದು ಊರ್ಜಿತ.