ನಾಲ್ಕು ಬೆರಳು ಹೆಚ್ಚು

“ನಿಲ್ಲಿ, ನಿಲ್ಲಿ! ಇನ್ನೂ ಎತ್ತಬೇಡಿ,” ಎಂದು ಟೈಲರ್ ಮಾಸ್ಟರ ಹೆಂಡತಿ ಕೂಗಿದಾಗ, ಶವಪೆಟ್ಟಿಗೆಗೆ ಕೈ ಹಾಕಿದ್ದವರು ಬಗ್ಗಿದಲ್ಲೇ ನಿಂತರು.

“ಅತ್ತಿಗೆ, ವ್ಯಾನಿನವನು ಆಗಲೇ ಹಾರನ್ ಹೊಡೀತಿದಾನೆ,” ಎಂದ ಮೈದುನ. “ಅವನಿಗೆ ಇನ್ನೊಂದು ಕಡೆ ಹೋಗ್ಬೇಕಂತೆ. ಎಷ್ಟೊತ್ತು ಅಂತ ಕಾಯೋದು?”

“ಅವಳು ಬರೋವರೆಗೆ. ನಿಮ್ಮಣ್ಣ ಮದುವೆ ದಿನ ಕೂಡ ಯಾರದೋ ಕೋಟಿಗೆ ಗುಂಡಿ ಹಾಕ್ತಾ ಕೂತು ನನ್ನ ಕಾಯಿಸಿದ್ರು. ಇವತ್ತು ಅವರು ಕಾಯಲಿ.”

ಅಳುತ್ತಿದ್ದವರಲ್ಲೇ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು.

ಬರಬೇಕಾದವಳು ಪರದೇಶದವಳು. ಮಾಸ್ಟರಿಗೆ ಕಾಯಿಲೆ ಜೋರಾಗಿದೆ ಎಂದು ಗೆಳೆಯ ಕರೆಂಟಣ್ಣ ಫೋನಿನಲ್ಲಿ ಹೇಳಿದ್ದೇ ತಡ, ನೋಡಲು ಹೊರಟಿದ್ದಳು. ಅವಳಿನ್ನೂ ವಿಮಾನದಲ್ಲಿದ್ದಾಗಲೇ ಮಾಸ್ಟರು ಕಣ್ಣು ಮುಚ್ಚಿದರು. ಬೀದಿಯ ಮನೆಗಳಿಗೆಲ್ಲ ವೈರು ಎಳೆದ ಕರೆಂಟಣ್ಣ ಈಗ ಅದೇ ಬೀದಿಯ ತುದಿಯಲ್ಲಿ ನಿಂತು ಬರುವ ಟ್ಯಾಕ್ಸಿಗಳನ್ನೆಲ್ಲ ಇಣುಕುತ್ತಿದ್ದ.

“ಅವಳು ಬಂದು ಏನು ಹೇಳ್ಬೇಕು ಅಂತ?” ಪಕ್ಕದ ಮನೆಯ ಅಜ್ಜಿ ಪಿಸುಗುಟ್ಟಿದಳು.

“ಆ ಬಾಗಿಲಿನ ವಿಷಯ, ಅಜ್ಜಿ. ಅದರ ಚಿಂತೆ ಇವರ ಜೀವ ತಿಂದುಬಿಡ್ತು. ನನಗೆ ಹೇಳಿದ್ರೆ ಏನು ಬಂತು? ಇವರಿಗೇ ಹೇಳ್ಬೇಕು.”

*

ವರ್ಷಗಳ ಹಿಂದೆ, ಸೂರಿಲ್ಲದವರಿಗೆ ಮನೆ ಕಟ್ಟಿಕೊಡುವ ತಂಡವೊಂದು ಪರದೇಶಕ್ಕೆ ಹೊರಟಾಗ ಕರೆಂಟಣ್ಣ ಮಾಸ್ಟರನ್ನೂ ಎಳೆದುಕೊಂಡು ಹೋಗಿದ್ದ. “ನನಗೆ ಕರಣೆ ಹಿಡಿಯೋಕೂ ಬರಲ್ಲಯ್ಯ,” ಎಂದರೆ, “ಟೇಪು ಹಿಡಿಯೋಕೆ ಬರುತ್ತಲ್ಲ, ಸಾಕು ಬಾ,” ಎಂದಿದ್ದ.

ಅಲ್ಲಿ ಮಾಸ್ಟರು ಮರಳು ಹೊತ್ತರು, ಗಾರೆ ಕಲಸಿದರು, ಅಂಗೈಯೆಲ್ಲ ಬೊಬ್ಬೆ ಎದ್ದರೂ ಖುಷಿಯಾಗಿದ್ದರು. ಒಂದು ಬೆಳಿಗ್ಗೆ ಮೇಸ್ತ್ರಿ ಬಾಗಿಲಿಗೆ ಜಾಗ ಗುರುತು ಹಾಕಲು ಹೇಳಿದ. ಮಾಸ್ಟರು ಜೇಬಿನಿಂದ ಬಟ್ಟೆಯ ಸೀಮೆಸುಣ್ಣ ತೆಗೆದು, ಹೇಳಿದ ಅಳತೆ ಹಿಡಿದು, ಕೈಗೆ ಅಂಟಿದ ಅಭ್ಯಾಸದಿಂದ ನಾಲ್ಕು ಬೆರಳು ಆಚೆಗೆ ಗೆರೆ ಎಳೆದರು. ಬಟ್ಟೆಯಲ್ಲಾದರೆ ಒಳಗೆ ಮಡಚಲು, ಮಕ್ಕಳು ಬೆಳೆದಾಗ ಬಿಚ್ಚಲು ಅಷ್ಟು ಬಿಡಲೇಬೇಕು. ಗೋಡೆಯನ್ನು ಮಡಚುವುದು ಹೇಗೆ?

ಗೋಡೆ ಎದ್ದು, ಕದ ತಂದು ನಿಲ್ಲಿಸಿದಾಗ ಪಕ್ಕದಲ್ಲಿ ನಾಲ್ಕು ಬೆರಳು ಸಂದು ಉಳಿದು ಎಡವಟ್ಟು ಗೊತ್ತಾಯಿತು. ತಂಡದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. ಕೊನೆಗೆ ಕದದ ಅಂಚಿಗೆ ಉದ್ದದ ಹಲಗೆಯೊಂದನ್ನು ಜೋಡಿಸಿ ಕೂರಿಸಿದರು. ಮನೆಯವರ ಪುಟ್ಟ ಹುಡುಗಿ ಆ ಹಲಗೆಯನ್ನು ಸವರುತ್ತ ಮಾಸ್ಟರನ್ನೇ ನೋಡುತ್ತಿದ್ದಳು. ಮಾಸ್ಟರ ಮುಖ ಸಣ್ಣದಾಗಿತ್ತು.

ಊರಿಗೆ ಬಂದ ಮೇಲೂ ಚಳಿ ಬಿದ್ದಾಗಲೆಲ್ಲ ಹೊಲಿಗೆ ಯಂತ್ರ ನಿಲ್ಲಿಸಿಬಿಡುತ್ತಿದ್ದರು. “ಪಾಪ, ಆ ತೇಪೆ ಸಂದೀಲಿ ಗಾಳಿ ನುಗ್ತಿರುತ್ತೆ ಕಣೇ. ಮನೆ ಕೊಡ್ತೀವಿ ಅಂತ ಹೋಗಿ ಚಳಿ ಕೊಟ್ಟು ಬಂದೆ.” ಬಾಗಿಲಿಗೆಂದು ದಪ್ಪ ಬಟ್ಟೆಯ ಪರದೆ ಹೊಲಿದು ಕಳಿಸಿದರು. ತಂಡ ಮತ್ತೆ ಕರೆದರೂ ಹೋಗಲಿಲ್ಲ. “ಫೋನ್ ಮಾಡಿ ಗಾಳಿ ಬರುತ್ತಾ ಅಂತ ಕೇಳ್ತೀನಿ,” ಎಂದು ಕರೆಂಟಣ್ಣ ಹೊರಟರೆ, “ಬೇಡಯ್ಯ, ಹೌದು ಅಂದ್ಬಿಟ್ರೆ?” ಎಂದು ತಡೆಯುತ್ತಿದ್ದರು.

*

“ಬಂದ್ಳು! ಬಂದ್ಳು!” ಕರೆಂಟಣ್ಣ ಕೈಬೀಸುತ್ತ ಓಡಿ ಬಂದ. ಹಿಂದೆ ಚೀಲ ಹೊತ್ತ ಹೆಂಗಸು, ಅಂದು ಹಲಗೆ ಸವರಿದ್ದ ಆ ಪುಟ್ಟ ಹುಡುಗಿ. ಪೆಟ್ಟಿಗೆ ಕಂಡದ್ದೇ ಹೊಸಿಲಲ್ಲಿ ಅವಳ ಕಾಲು ನಿಂತುಬಿಟ್ಟಿತು. ಮಾಸ್ಟರ ಹೆಂಡತಿ ಕೈಹಿಡಿದು ಒಳಗೆ ತಂದು ಗಂಡನ ತಲೆಯ ಬಳಿ ಕೂರಿಸಿದಳು.

“ನನಗಲ್ಲಮ್ಮ, ಅವರಿಗೆ ಹೇಳು. ಗಾಳಿ ಬರ್ತಿತ್ತಾ?”

ಕರೆಂಟಣ್ಣ ತನಗೆ ಬರುವ ಹರಕುಮುರುಕು ಪರಭಾಷೆಯಲ್ಲಿ ಕೇಳಿದ. ಅವಳು ಬಗ್ಗಿ ಮಾಸ್ಟರ ಕಿವಿಯ ಹತ್ತಿರ ಮೆಲ್ಲಗೆ ಮಾತಾಡತೊಡಗಿದಳು.

“ಗಾಳಿ ಬರಲೇ ಇಲ್ವಂತೆ,” ಎಂದ ಕರೆಂಟಣ್ಣ. “ಇವಳ ಅಜ್ಜಿಗೆ ಕಾಲಿನ ಸ್ವಾಧೀನ ಹೋಯ್ತಂತೆ. ಆ ಸಾಲಲ್ಲಿ ಬೇರೆ ಯಾವ ಮನೆ ಬಾಗಿಲಲ್ಲೂ ಮಂಚ ಹಿಡಿಸಲ್ವಂತೆ. ಇವರದ್ರಲ್ಲಿ ಹಿಡಿಸ್ತಂತೆ. ದಿನಾ ಬೆಳಿಗ್ಗೆ ಅಜ್ಜೀನ ಮಂಚದ ಸಮೇತ ಬಿಸಿಲಿಗೆ ತರ್ತಿದ್ರಂತೆ. ‘ನಿಮ್ಮಿಂದ ಅಜ್ಜಿ ಕೊನೇವರೆಗೂ ಆಕಾಶ ನೋಡ್ತು ಅಪ್ಪಾ, ನಿಮ್ಮ ಋಣ ದೊಡ್ಡದು’ ಅಂತ ಹೇಳ್ತಿದಾಳೆ.”

“ಮತ್ತೆ ಪರದೆ?”

“ಅದನ್ನ ಅಜ್ಜಿ ಹೊದ್ಕೊಳ್ತಿತ್ತಂತೆ.”

ಮಾಸ್ಟರ ಹೆಂಡತಿ ನಕ್ಕಳು. ನಗುತ್ತಲೇ ಅಂಗೈಯಿಂದ ಕಣ್ಣೊರೆಸಿಕೊಂಡಳು. “ಕೇಳಿಸ್ತಾ ರೀ? ಸುಮ್ಮನೆ ಇಷ್ಟು ವರ್ಷ ನನ್ನ ನಿದ್ದೇನೂ ಕೆಡಿಸಿದ್ರಲ್ಲ!” ಆಮೇಲೆ ಬಂದವಳ ತಲೆ ಸವರಿದಳು. “ನೀನು ಚೆನ್ನಾಗಿರು ತಾಯಿ. ನನ್ನ ಎದೆಭಾರ ಇಳಿಸಿದೆ.” ಮೈದುನನ ಕಡೆ ತಿರುಗಿ, “ಈಗ ಎತ್ತಿ,” ಎಂದಳು.

ಮುಂಬಾಗಿಲಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಮಾಸ್ಟರ ಮನೆಯ ಕದ ಎಂದೂ ಪೂರ್ತಿ ತೆರೆದುಕೊಂಡದ್ದಿಲ್ಲ.

“ಸ್ವಲ್ಪ ವಾರೆ ಮಾಡಿ,” ಎಂದ ಮೈದುನ.

“ವಾರೆಗೀರೆ ಬೇಡ. ಇಸ್ತ್ರಿ ಮಾಡಿದ ಶರ್ಟು ಸುಕ್ಕಾದ್ರೆ ಅವರಿಗೆ ಆಗಲ್ಲ.”

ಕರೆಂಟಣ್ಣ ಸ್ಕ್ರೂಡ್ರೈವರ್ ತಂದು ಕದವನ್ನೇ ಬಿಚ್ಚಿ ಗೋಡೆಗೆ ಒರಗಿಸಿದ. ಮತ್ತೆ ಎತ್ತಿದರು. ಯಾರೂ ಹೇಳದೆಯೇ ಆ ಹುಡುಗಿ ಪಕ್ಕಕ್ಕೆ ಬಂದು, ಪೆಟ್ಟಿಗೆಗೂ ಚೌಕಟ್ಟಿಗೂ ನಡುವೆ ನಾಲ್ಕು ಬೆರಳು ಜೋಡಿಸಿ ಇಟ್ಟಳು. ಅಜ್ಜಿಯ ಮಂಚದ ಜೊತೆ ನಡೆಯುತ್ತಿದ್ದ ಹಾಗೆಯೇ, ಎಲ್ಲೂ ತಗುಲದಂತೆ, ಮಾಸ್ಟರನ್ನು ಬಿಸಿಲಿಗೆ ಕರೆದುಕೊಂಡು ಹೋದಳು.