ಗೋಡೆ ಹಿಡಿದ ನೆರಳು

ಹಿಂದಿನ ಸಾಲಿನಲ್ಲಿ ಯಾರೋ ಚಿಪ್ಸ್ ಪೊಟ್ಟಣ ಹರಿದರು, ಒಣ ಎಲೆ ತುಳಿದ ಹಾಗೆ, ಅಲ್ಲ, ಅದಕ್ಕಿಂತ ಚೂಪು, ಸಣ್ಣ ಒಲೆಯ ಬೆಂಕಿಗೆ ಇದು ಚೆನ್ನಾಗಿ ಒದಗುತ್ತದೆ ಎಂದು ಅವಳ ಕಿವಿ ತನ್ನ ಪಾಡಿಗೆ ತಾನು ಹೇಳಿಕೊಂಡಿತು, ಈ ಕಿವಿಗೆ ರಜೆ ಎನ್ನುವುದೇ ಇಲ್ಲ, ಸಿನಿಮಾಗಳಿಗೆ ಸದ್ದು ಮಾಡುವ ಕೆಲಸಕ್ಕೆ ಸೇರಿದಂದಿನಿಂದ ಎಲ್ಲವೂ ಇನ್ನೊಂದಾಗಿ ಕೇಳುತ್ತದೆ, ಎಲೆಕೋಸು ಮುರಿದರೆ ಮೂಳೆ, ಒದ್ದೆ ಟವೆಲು ಕೊಡವಿದರೆ ಹದ್ದಿನ ರೆಕ್ಕೆ, ತೆರೆಯ ಮೇಲೆ ಯಾವ ನಾಯಕ ಎಷ್ಟೇ ಠೀವಿಯಿಂದ ನಡೆದು ಬರಲಿ ಕೇಳುವುದು ಮಾತ್ರ ಇವಳ ಹೆಜ್ಜೆ, ಸ್ಟುಡಿಯೋದಲ್ಲಿ ಎಲ್ಲರೂ ಕರೆಯುವುದೇ ಕಾಲಮ್ಮ ಎಂದು, ಆ ಹೆಸರು ಕೇಳಿದರೆ ಅಮ್ಮನಿಗೆ ಮೈ ಉರಿ, ನಿನಗೆ ಡಿಗ್ರಿ ಓದಿಸಿದ್ದು ಕಂಡೋರ ಬೂಟು ಹಾಕ್ಕೊಂಡು ನಿಂತಲ್ಲೇ ನಡೆಯೋಕೇನೇ — ಅಮ್ಮ ಈಗ ಪಕ್ಕದಲ್ಲೇ ಕೂತಿದ್ದಾಳೆ, ಸೆರಗನ್ನು ಎರಡು ಸುತ್ತು ಹೊದ್ದು, ಎ.ಸಿ. ಗಾಳಿಗೆ ಬೈದುಕೊಂಡು, ಪರದೆಯ ಮೇಲೆ ರಾಜನ ಸೇವಕರು ಬೀದಿಬೀದಿಗೆ ಹೋಗಿ ಜನರ ನೆರಳುಗಳನ್ನು ಕಾಲಬುಡದಲ್ಲಿ ಕತ್ತರಿಸಿ ಚಾಪೆಯ ಹಾಗೆ ಸುತ್ತಿಕೊಂಡು ಒಯ್ಯುತ್ತಿದ್ದಾರೆ. ಇದೆಂಥ ಪಿಚ್ಚರೇ. ತಮಿಳು ಕಣಮ್ಮ. ಭಾಷೆ ಗೊತ್ತಾಯ್ತು, ಕತೆ ಕೇಳಿದ್ದು. ಊರಿಗೆ ಬಿಸಿಲು ಬೀಳದ ಹಾಗೆ ನೆರಳುಗಳನ್ನೆಲ್ಲ ಹೊಲಿದು ಆಕಾಶಕ್ಕೆ ಚಪ್ಪರ ಹಾಕ್ತಾನೆ ರಾಜ. ಒಗೆದ ಬಟ್ಟೆ ಎಲ್ಲಿ ಒಣಗಿಸ್ತಾರಂತೆ. ಅವಳಿಗೆ ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು, ಏಕೆಂದರೆ ಇನ್ನು ಸ್ವಲ್ಪ ಹೊತ್ತಿಗೆ ಆ ದೃಶ್ಯ, ಮುದುಕಿಯೊಬ್ಬಳ ನೆರಳು ಚಪ್ಪರದ ಹೊಲಿಗೆ ಬಿಚ್ಚಿಕೊಂಡು ಇಳಿದು ತನ್ನ ಮನೆ ಹುಡುಕಿಕೊಂಡು ನಡೆಯುವ ದೃಶ್ಯ, ಮಾತಿಲ್ಲ, ಸಂಗೀತವಿಲ್ಲ, ಬರೀ ಹೆಜ್ಜೆ, ಆ ಹೆಜ್ಜೆ ಅಮ್ಮನದು.

ಅಮ್ಮನಿಗೆ ಹೇಳಿಲ್ಲ. ಹೇಳಬೇಕೆಂದುಕೊಂಡು ಎಷ್ಟು ಸಲ ಬಾಯಿ ತೆರೆದು ಕಾಫಿ ಬೇಕಾ ಎಂದು ಕೇಳಿದ್ದಾಳೋ. ಲಕ್ವ ಹೊಡೆದ ಮೇಲೆ ಅಮ್ಮನ ಎಡಗಾಲು ಎಳೆಯುತ್ತದೆ, ಮೊದಲು ಬಲಗಾಲಿನ ಒಂದು ಪಟ್, ಆಮೇಲೆ ರಬ್ಬರು ಚಪ್ಪಲಿ ನೆಲಕ್ಕೆ ತೀಡುವ ಉದ್ದನೆಯ ಸದ್ದು, ಬಚ್ಚಲಿನಿಂದ ಕೋಣೆಗೆ, ಕೋಣೆಯಿಂದ ಅಡುಗೆಮನೆಗೆ, ಮನೆಯಲ್ಲಿ ಇದ್ದಷ್ಟು ಹೊತ್ತೂ ಕೇಳಿ ಕೇಳಿ ಅದು ಗೋಡೆ ಗಡಿಯಾರದ ಹಾಗೆ ಕೇಳದಂತಾಗಿತ್ತು, ಆದರೆ ಹೊರಗಿನವರು ಬಂದರೆ ಅಮ್ಮ ಕುರ್ಚಿ ಬಿಟ್ಟು ಏಳುವುದಿಲ್ಲ, ಮದುವೆಗೆ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಾಳೆ, ಮಂಟಪ ಖಾಲಿಯಾದ ಮೇಲೆ ಏಳುತ್ತಾಳೆ, ನನ್ನ ನಡಿಗೆ ಯಾರೂ ನೋಡೋದು ಬೇಡ, ಅಷ್ಟೇ ಹೇಳಿದ್ದು, ಒಂದೇ ಸಲ, ಅದೂ ಕಿಟಕಿಯ ಕಡೆ ತಿರುಗಿಕೊಂಡು. ಅಂಥವಳ ನಡಿಗೆಯನ್ನು ತೆಗೆದುಕೊಂಡು ಹೋಗಿ ಊರಿಗೆಲ್ಲ ಕೇಳಿಸುವ ಮಗಳು. ಬೇಕೆಂದು ಮಾಡಿದ್ದಲ್ಲ — ನೆರಳು ನಡೆದರೆ ಯಾವ ಸದ್ದು ಬರುತ್ತದೆ ಹೇಳಿ ಎಂದು ನಿರ್ದೇಶಕ ತಮಿಳಿನಲ್ಲಿ ಕೇಳಿದ್ದ, ಕೆನ್ನೆಗೆ ಕೈಕೊಟ್ಟು, ಪರೀಕ್ಷೆಗೆ ಕೂತವನ ಹಾಗೆ, ಇವಳಿಗೂ ಗೊತ್ತಿರಲಿಲ್ಲ, ರೇಷ್ಮೆ ಎಳೆದಳು, ಒದ್ದೆ ಕಂಬಳಿ ಎಳೆದಳು, ಮರಳಿನ ಚೀಲ, ತೊಗಲು, ಎಲ್ಲವೂ ಹಾವಾಯಿತು, ಒಂದೂ ನೆರಳಾಗಲಿಲ್ಲ, ನಿರ್ಮಾಪಕರು ಬಂದು ತಲೆ ಕೆಡಿಸ್ಕೋಬೇಡಿ ಡೋಲು ಬಡಿಸೋಣ ಜನ ಬೆಚ್ಚಿಬೀಳಲಿ ಎಂದರು, ನಿರ್ದೇಶಕ, ಆ ಹಟಮಾರಿ, ಮೀಸೆ ಇಲ್ಲದ ನಾಯಕನೂ ಬೇಡ ಮೀಸೆ ಇರುವ ನಾಯಕನೂ ಬೇಡ ನೆರಳೇ ನಾಯಕಿ ಎಂದು ಹೊರಟವನು, ಡೋಲಿಗೆ ಒಪ್ಪುತ್ತಾನೆಯೇ. ಮರುದಿನ ಮನೆಯಿಂದ ಹೊರಡುವಾಗ ಅಮ್ಮನ ಹಳೆಯ ಚಪ್ಪಲಿ ಜೋಡಿ ಅವಳ ಚೀಲ ಸೇರಿತು, ಸ್ಟುಡಿಯೋದ ಸಿಮೆಂಟು ಹಲಗೆಯ ಮೇಲೆ ಅದನ್ನು ಮೆಟ್ಟಿ, ಕಣ್ಣು ಮುಚ್ಚಿ, ಪಟ್, ಆಮೇಲೆ ಎಳೆತ, ಪಟ್, ಎಳೆತ, ನಡೆಯುತ್ತ ನಡೆಯುತ್ತ ಬೆನ್ನು ತಾನಾಗಿ ಬಾಗಿತು, ಎಡಭುಜ ಇಳಿಯಿತು, ಅಮ್ಮನಿಗೆ ಹೊಸಲಿನ ಹತ್ತಿರ ಬರುವ ದಿಗಿಲು ಇವಳಿಗೂ ಬಂತು, ಮುಗಿದಾಗ ಗಾಜಿನ ಆಚೆ ರೆಕಾರ್ಡ್ ಮಾಡುವವನು ತಲೆ ಕೆರೆದುಕೊಳ್ಳುತ್ತಿದ್ದ. ಕಾಲಮ್ಮ, ಮಧ್ಯೆ ಮಧ್ಯೆ ಟಪ್ ಅಂತಿದೆಯಲ್ಲ ಅದೇನು. ಏನೂ ಇಲ್ಲವಲ್ಲ. ಇದೆ, ಕೇಳಿ. ಕೇಳಿದಳು. ಅಂಗೈ. ನಡೆಯುವಾಗ ಅವಳ ಕೈ ಪಕ್ಕದ ಮರದ ಹಲಗೆಯನ್ನು ಮುಟ್ಟಿ ಮುಟ್ಟಿ ಹೋಗಿದೆ, ಗೊತ್ತೇ ಇಲ್ಲದೆ, ಅಮ್ಮ ಗೋಡೆ ಮುಟ್ಟಿಕೊಂಡು ಹೋಗುವ ಹಾಗೆ, ಈ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ, ಚಿತ್ರದಲ್ಲಿ ಇಲ್ಲದ್ದಕ್ಕೆ ಸದ್ದು ಹಾಕುವುದು, ಆ ನೆರಳಿಗೆ ಕೈಯೇ ಇರಲಿಲ್ಲ, ಹೊಲಿಗೆ ಬಿಚ್ಚಿಕೊಳ್ಳುವಾಗ ಕೈ ಚಪ್ಪರದಲ್ಲೇ ಉಳಿದಿತ್ತು. ಇನ್ನೊಂದು ಸಲ ಮಾಡ್ತೀನಿ, ಅಳಿಸಿ. ಅಳಿಸಬೇಡಿ ಎಂದ ನಿರ್ದೇಶಕ. ಮತ್ತೆ ಕೇಳಿದ, ಮತ್ತೆ, ಎದ್ದು ಹೋಗಿ ಮೂಲೆಯಲ್ಲಿ ನಿಂತು ಕೇಳಿದ, ಆಮೇಲೆ ಗ್ರಾಫಿಕ್ಸಿನವರಿಗೆ ಫೋನು ಮಾಡಿ ನೆರಳಿಗೆ ಒಂದು ಕೈ ಬರೆಯಿರಿ ಎಂದ, ಅವರು ಅತ್ತ ಕೂಗಾಡಿದ್ದು ಇಲ್ಲಿಗೂ ಕೇಳಿಸಿತು. ಒಂದು ತಪ್ಪು ಸದ್ದಿಗಾಗಿ ಸಿದ್ಧವಾದ ಚಿತ್ರವನ್ನು ಮತ್ತೆ ಬಿಚ್ಚುವವರು ಈ ಭೂಮಿಯ ಮೇಲೆ ಎಷ್ಟು ಜನ ಇದ್ದಾರು.

ಬಂತು. ಚಪ್ಪರದ ಒಂದು ಮೂಲೆ ಜೋತು ಬಿತ್ತು, ಅಲ್ಲಿಂದ ಬಿಸಿಲಿನ ಒಂದು ಎಳೆ ಇಳಿಯಿತು, ಅದನ್ನೇ ಹಗ್ಗ ಮಾಡಿಕೊಂಡು ಮುದುಕಿಯ ನೆರಳು ಇಳಿಯಿತು, ಎಂಥ ಧೈರ್ಯ ಈ ಮನುಷ್ಯನದು, ಇಷ್ಟು ದೊಡ್ಡ ಪರದೆಯನ್ನು ಪೂರ್ತಿ ಖಾಲಿ ಬಿಟ್ಟು ಮೂಲೆಯಲ್ಲಿ ಅಂಗೈಯಷ್ಟು ಕಪ್ಪು, ಪಟ್, ಎಳೆತ. ಪಟ್, ಎಳೆತ, ಟಪ್, ಗೋಡೆಯ ಮೇಲೆ ಕೈ. ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಸೌಂಡ್ ಹೋಯ್ತಾ ಗುರೂ, ಇನ್ನೊಬ್ಬ ಶ್ ಎಂದ, ಚಿಪ್ಸ್ ನಿಂತಿತು, ಆಮೇಲೆ ಏನೂ ಇಲ್ಲ, ತುಂಬಿದ ಚಿತ್ರಮಂದಿರ ಉಸಿರು ಬಿಗಿಹಿಡಿದಾಗ ಆಗುವ ಆ ಮೌನವನ್ನು ಯಾವ ಹಲಗೆಯ ಮೇಲೂ ಮಾಡಲು ಬರುವುದಿಲ್ಲ. ಪಕ್ಕಕ್ಕೆ ತಿರುಗಲು ಅವಳಿಗೆ ಕತ್ತೇ ಇಲ್ಲ. ಆಯುಷ್ಯವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಕೂತವಳು ಅಮ್ಮ, ಆ ಕಡೆಯ ಉಸಿರು ಕೇಳಿಯೇ ಯಾರೆಂದು ಹೇಳುತ್ತಿದ್ದವಳು, ತನ್ನ ಕಾಲು ತನಗೆ ಗೊತ್ತಾಗದೆ ಇರುತ್ತದೆಯೇ, ಈಗ ಏಳುತ್ತಾಳೆ, ಇಲ್ಲ, ಏಳುವುದಿಲ್ಲ, ಎದ್ದರೆ ಎಲ್ಲರೂ ನೋಡುತ್ತಾರಲ್ಲ, ಕೂತೇ ಇರುತ್ತಾಳೆ, ಮನೆಗೆ ಹೋದ ಮೇಲೂ ಏನೂ ಅನ್ನುವುದಿಲ್ಲ, ಕಿಟಕಿಯ ಕಡೆ ತಿರುಗಿಕೊಳ್ಳುತ್ತಾಳೆ — ಟಪ್. ಇದು ಪರದೆಯಿಂದ ಬಂದದ್ದಲ್ಲ. ಹತ್ತಿರದಿಂದ. ಕುರ್ಚಿಯ ತೋಳಿನ ಮೇಲೆ ಅಮ್ಮನ ಅಂಗೈ, ಪರದೆಯ ಕೈ ಗೋಡೆ ಮುಟ್ಟುವುದಕ್ಕಿಂತ ಒಂದು ಕೂದಲೆಳೆ ಮೊದಲೇ, ಟಪ್, ಮುಂದಿನದಕ್ಕೂ ಮೊದಲೇ, ಟಪ್, ಕಾಲು ಎಲ್ಲಿ ಸೋಲುತ್ತದೆ ಕೈ ಎಲ್ಲಿಗೆ ಬೇಕಾಗುತ್ತದೆ ಎಂದು ಗೊತ್ತಿರುವವರು ಮಾತ್ರ ಹಾಗೆ ಮೊದಲೇ ಮುಟ್ಟಬಲ್ಲರು. ನನ್ನ ನೀಲಿ ಚಪ್ಪಲಿ ಎಲ್ಲಿ ಹೋಯ್ತು ಅಂತ ಮಂಚದ ಕೆಳಗೆಲ್ಲ ಹುಡುಕಿಸಿದ್ದೆ, ಎಂದಳು ಅಮ್ಮ, ಪರದೆಯಿಂದ ಕಣ್ಣು ಕೀಳದೆ. ಅಮ್ಮಾ. ಸುಮ್ನಿರೇ, ನೋಡೋಣ ಮನೆ ಸಿಗುತ್ತೇನೋ. ಕುರ್ಚಿಯ ತೋಳಿನ ಮೇಲೆ ಮತ್ತೊಂದು ಟಪ್, ಆದರೂ ಇಷ್ಟು ನಿಧಾನ ಯಾಕೆ ನಡೆಸಿದ್ದೀಯೆ, ನಾನು ಇದಕ್ಕಿಂತ ಜೋರಾಗೇ ನಡೀತೀನಿ.

ಎಷ್ಟು ಕಾಲದಿಂದ ಹಿಡಿದಿಟ್ಟ ಉಸಿರೋ, ಅವಳು ಬಿಟ್ಟಾಗ ಮುಂದಿನ ಸಾಲಿನವರು ತಿರುಗಿ ನೋಡಿದರು. ಮಧ್ಯಂತರದ ಆಚೆ ಚಿತ್ರ ಹಾದಿ ತಪ್ಪಿತು, ತಪ್ಪಲಿ, ಮಾತಾಡುವ ಬಾವಿ ಬಂತು, ಕೊಡೆಗಳ ಯುದ್ಧ ಬಂತು, ರಾಜ ಯಾಕೆ ಅತ್ತನೆಂದು ಬರೆದವನಿಗೂ ಗೊತ್ತಿರಲಿಕ್ಕಿಲ್ಲ, ಹಿಂದಿನವನು ಆಕಳಿಸಿದ, ಆದರೂ ಎಂಥ ಚಿತ್ರ, ಕಾಲಿಟ್ಟ ಕಡೆಯೆಲ್ಲ ಮೊದಲ ಸಲ ಕಾಲಿಟ್ಟವನ ಚಿತ್ರ, ಎಡವಿದರೂ ಯಾರ ಹೆಜ್ಜೆಗುರುತಿನಲ್ಲೂ ಎಡವಲಿಲ್ಲ, ಅಮ್ಮ ಬಾವಿಯ ಮಾತಿಗೆ ಭಾಷೆ ಬಾರದೆಯೂ ನಕ್ಕಳು, ನೆರಳು ಕೊನೆಗೆ ಮನೆ ತಲುಪಿ, ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದ ಮುದುಕಿಯ ಕಾಲಬುಡದಲ್ಲಿ ಬಂದು ಮಲಗಿದಾಗ ಸೆರಗಿನಲ್ಲಿ ಮೂಗು ಒರೆಸಿದಳು. ಹೆಸರುಗಳು ಮೇಲೇರತೊಡಗಿದವು. ಇನ್ನು ಎಲ್ಲರೂ ಹೋಗುವವರೆಗೆ ಕೂರಬೇಕು, ಯಾವಾಗಲೂ ಹಾಗೆಯೇ, ಅವಳು ಬೆನ್ನು ಒರಗಿಸಿದಳು, ಅಮ್ಮ ಎದ್ದಳು. ದೀಪ ಹತ್ತುವ ಮೊದಲೇ. ಜನರ ನಡುವೆಯೇ. ಅಮ್ಮ, ತಾಳು, ಕೈ ಹಿಡೀತೀನಿ. ಬೇಡ, ನನ್ನ ನಡಿಗೆ ನನಗೆ ಬರುತ್ತೆ. ಪಟ್, ಎಳೆತ, ಇಳಿಜಾರು ದಾರಿಯಲ್ಲಿ ಜನ ಸರಿದು ಜಾಗ ಬಿಟ್ಟರು, ಚಿಪ್ಸಿನವನು ತಲೆ ಎತ್ತಿ ಅಮ್ಮನ ಕಾಲು ನೋಡಿದ, ಆಮೇಲೆ ಖಾಲಿಯಾಗುತ್ತಿದ್ದ ಪರದೆಯನ್ನು ನೋಡಿದ, ಪೊಟ್ಟಣವನ್ನು ಸದ್ದಾಗದ ಹಾಗೆ ಮಡಚಿಕೊಂಡ, ಹಿಂದಿನಿಂದ ಬೀಳುವ ಬೆಳಕಿನಲ್ಲಿ ಅಮ್ಮನ ನೆರಳು ಅಷ್ಟುದ್ದ, ಗೋಡೆಯ ತುಂಬ, ಮತ್ತೆ ಅಲ್ಲಿ, ಬಾಗಿಲ ಹತ್ತಿರ, ಹೊಸಲಿಗೆ ಮೊದಲು, ಗೋಡೆಯ ಮೇಲೆ ಕೈ, ಕೈಯ ಕೆಳಗೆ ಅದರ ನೆರಳು, ಎರಡೂ ಒಂದನ್ನೊಂದು ಮುಟ್ಟಿಕೊಂಡು, ಗೋಡೆಯ ಮೇಲೆ ಕೈ